ಮಿಲ್ಲರ್ಸ್ ಫಾಲ್ಸ್‌ನ ಹಳೆಯ ಮೈಟರ್ ಬಾಕ್ಸ್: ನಾಲ್ಕನೆಯ ಮೂಲೆ ಯಾಕೆ ಕೂಡುತ್ತಿಲ್ಲ?

ನದಿದಡ · ಸೋಮವಾರ, ಬೆಳಿಗ್ಗೆ 6:10

ಎಲ್ಲರಿಗೂ ನಮಸ್ಕಾರ. ಹುಟ್ಟೂರು ತೀರ್ಥಹಳ್ಳಿ ಕಡೆ. ಹನ್ನೊಂದು ವರ್ಷದಿಂದ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಪಶ್ಚಿಮ ಭಾಗದಲ್ಲಿದ್ದೇನೆ. ಮರಗೆಲಸ ನನ್ನ ವೃತ್ತಿಯಲ್ಲ, ವಾರದ ಕೊನೆಯ ಹುಚ್ಚು ಅಷ್ಟೆ.

ಹೋದ ವಾರ ಬ್ರಿಮ್‌ಫೀಲ್ಡ್‌ನ ಹಳೆ ಸಾಮಾನುಗಳ ಸಂತೆಗೆ ಹೋಗಿದ್ದೆ. ಮೇ, ಜುಲೈ, ಸೆಪ್ಟೆಂಬರ್, ಹೀಗೆ ವರ್ಷಕ್ಕೆ ಮೂರು ಸಲ ರಸ್ತೆಯ ಎರಡೂ ಬದಿಯ ಬಯಲುಗಳಲ್ಲಿ ನಡೆಯುವ ಜಾತ್ರೆ ಅದು. ಒಂದು ಗುಡಾರದಲ್ಲಿ ಹಾಲಿನ ಕ್ಯಾನುಗಳ ಹಿಂದೆ ಎರಕದ ಕಬ್ಬಿಣದ ಒಂದು ಸಾಧನ ಬಿದ್ದಿತ್ತು. ಎದುರುಬದುರು ಎರಡು ಕಂಬ, ಕಂಬಗಳ ಸೀಳಿನಲ್ಲಿ ಮೊಣಕೈಗಿಂತ ಉದ್ದದ ಗರಗಸ, ಕೆಳಗೆ ಅರ್ಧಚಂದ್ರದ ಹಾಗೆ ಬಾಗಿದ ಅಂಶಗಳ (ಡಿಗ್ರಿಗಳ) ಪಟ್ಟಿ. ಹೆಬ್ಬೆರಳಿನಿಂದ ಮಣ್ಣು ಉಜ್ಜಿದರೆ ‘ಲ್ಯಾಂಗ್‌ಡನ್’ ಎಂಬ ಹೆಸರು. 40 ಡಾಲರ್ ಹೇಳಿದ ಮುದುಕರು 30ಕ್ಕೆ ಕೊಟ್ಟರು. ಗರಗಸವೂ ಸೇರಿ ಆ ಬೆಲೆಗೆ ಸಿಕ್ಕಿತೆಂದು ಬೀಗುತ್ತಾ ಬಂದೆ.

ಇದು ಹುಟ್ಟಿದ್ದು ನಮ್ಮ ಸುತ್ತಮುತ್ತಲೇ. ನಾರ್ತಾಂಪ್ಟನ್‌ನ ಲಿಯಾಂಡರ್ ಲ್ಯಾಂಗ್‌ಡನ್ ಎಂಬವರು 1864ರಲ್ಲಿ ಪೇಟೆಂಟ್ ಪಡೆದ, ಗರಗಸವನ್ನು ಬೇಕಾದ ಕೋನದಲ್ಲಿ ಹಿಡಿದಿಟ್ಟು ಮರ ಕೊಯ್ಯಿಸುವ ಮೈಟರ್ ಬಾಕ್ಸ್‌ನ ವಂಶ. ಕನೆಕ್ಟಿಕಟ್ ನದಿಗೆ ಮಿಲ್ಲರ್ಸ್ ನದಿ ಬಂದು ಸೇರುವ ಜಾಗದ ಹತ್ತಿರ ಮಿಲ್ಲರ್ಸ್ ಫಾಲ್ಸ್ ಎಂಬ ಹಳ್ಳಿ ಇದೆ. ಅಲ್ಲಿನ ಉಪಕರಣ ಕಂಪನಿ ಮುಂದೆ ಇದನ್ನು ದಶಕಗಳ ಕಾಲ ತಯಾರಿಸಿತು. ನೀರಿನ ಬಲದಿಂದ ಕಾರ್ಖಾನೆ ನಡೆಯುತ್ತಿದ್ದ ಕಾಲದ ಊರು. ನನ್ನ ಮನೆಯಿಂದ ಅರ್ಧ ಗಂಟೆಯ ದಾರಿ.

ಇನ್ನು ಸಮಸ್ಯೆ. 40 ಮಿಲಿಮೀಟರ್ ಅಗಲದ ವಾಲ್‌ನಟ್ ಪಟ್ಟಿಯಿಂದ ಒಂದು ಪಟಕ್ಕೆ ಚೌಕಟ್ಟು ಮಾಡುತ್ತಿದ್ದೇನೆ. ಮೂರು ಮೂಲೆ ಚೆನ್ನಾಗಿ ಕೂಡುತ್ತವೆ. ನಾಲ್ಕನೆಯದರಲ್ಲಿ ಸಣ್ಣ ಮೊಳೆ ತೂರುವಷ್ಟು ಸಂದು. ಗರಗಸದ ಕೋನ ಕದಲದಂತೆ ಹಿಡಿಯುವ ಗೂಟವನ್ನು ಅಂಶಪಟ್ಟಿಯ 45 ಡಿಗ್ರಿಯ ಕಚ್ಚಿನಲ್ಲಿ ಕೂರಿಸಿಯೇ ಕೊಯ್ದಿದ್ದೇನೆ. ಎರಡು ಸಲ ಹೊಸ ಪಟ್ಟಿ ಹಾಳು ಮಾಡಿದೆ, ಎರಡು ಸಲವೂ ಅದೇ ಕತೆ. ಎಲ್ಲಿ ತಪ್ಪುತ್ತಿದ್ದೇನೆ?

ಚೌಕಟ್ಟಂಗಡಿ · ಸೋಮವಾರ, ಸಂಜೆ 5:25

ಬೆಂಗಳೂರಿನಲ್ಲಿ ಪಟಗಳಿಗೆ ಕಟ್ಟು ಹಾಕುವ ಅಂಗಡಿ ನಮ್ಮದು, ಅಪ್ಪನ ಕಾಲದಿಂದ. ಮೂಲೆ ಕೂಡದಿದ್ದರೆ ಎಲ್ಲರೂ ಮೊದಲು ಕೋನವನ್ನು ಬೈಯುತ್ತಾರೆ. ಹತ್ತರಲ್ಲಿ ಆರು ಸಲ ತಪ್ಪು ಇರುವುದು ಉದ್ದದಲ್ಲಿ. ಎದುರುಬದುರಿನ ಎರಡು ಪಟ್ಟಿಗಳು ಒಂದು ಮಿಲಿಮೀಟರ್ ಹೆಚ್ಚು ಕಡಿಮೆಯಾದರೆ ಕೋನ ಎಷ್ಟೇ ಕರಾರುವಾಕ್ಕಾಗಿದ್ದರೂ ಕೊನೆಯ ಮೂಲೆ ಬಾಯಿ ಬಿಡುತ್ತದೆ. ಅಳತೆಪಟ್ಟಿ ಬೇಡ. ಎರಡೂ ಪಟ್ಟಿಗಳನ್ನು ಬೆನ್ನಿಗೆ ಬೆನ್ನು ಹಚ್ಚಿ, ತುದಿಗಳ ಮೇಲೆ ಉಗುರು ಆಡಿಸಿ. ಉಗುರು ತಡೆದರೆ ಉದ್ದ ಬೇರೆ ಇದೆ ಎಂದು ಅರ್ಥ.

ಪ್ಲೈವುಡ್ ದಾಸ · ಸೋಮವಾರ, ರಾತ್ರಿ 8:02

ತಪ್ಪು ತಿಳಿಯಬೇಡಿ. ಅಮೆರಿಕದಲ್ಲೇ ಇದ್ದೀರಿ, ಕರೆಂಟಿನ ಮೈಟರ್ ಸಾ ಕೈಗೆ ಸಿಗುವ ದರದಲ್ಲಿ ಸಿಗುತ್ತದೆ. ನಾನು ಒಳಾಂಗಣ ಕೆಲಸದ ಗುತ್ತಿಗೆದಾರ. ನಮ್ಮ ಹುಡುಗರು ಬೆಳಿಗ್ಗೆ ಒಂದು ಮನೆಯ ಬೀಡಿಂಗ್ ಪೂರ್ತಿ ಕೊಯ್ದು ಮಧ್ಯಾಹ್ನದ ಊಟಕ್ಕೆ ಕೂರುತ್ತಾರೆ. ನೂರು ವರ್ಷ ಹಳೆಯ ಕಬ್ಬಿಣದ ಜೊತೆ ಗುದ್ದಾಡುವುದು ಯಾಕೆ?

ನದಿದಡ · ಸೋಮವಾರ, ರಾತ್ರಿ 9:15

ದಾಸರೇ, ಮೇಲಿನ ಮಹಡಿಯಲ್ಲಿ ಮಗು ಮಲಗಿರುತ್ತದೆ. ನನಗೆ ಬಿಡುವು ಸಿಗುವುದು ರಾತ್ರಿ ಒಂಬತ್ತರ ಮೇಲೆ. ಇಷ್ಟು ಸಾಕಲ್ಲವೇ?

ಚೌಕಟ್ಟಂಗಡಿಯವರು ಹೇಳಿದಂತೆ ಉಗುರು ಆಡಿಸಿದೆ. ಉದ್ದದ ಜೋಡಿಯಲ್ಲಿ ತಡೆಯಲಿಲ್ಲ. ಗಿಡ್ಡ ಜೋಡಿಯಲ್ಲಿ ತುಸು, ಕಾಗದದಷ್ಟು ತಡೆಯಿತು. ಆದರೆ ಸಂದು ಕಾಗದದಷ್ಟಲ್ಲ. ಇನ್ನೊಂದು ವಿಷಯ ಗಮನಿಸಿದೆ: ಕೂಡಿದೆ ಎಂದುಕೊಂಡಿದ್ದ ಮೂರು ಮೂಲೆಗಳೂ ಹಿಂಬದಿಯಲ್ಲಿ ಬಿಗಿಯಾಗಿವೆ, ಮುಂಬದಿಯಲ್ಲಿ ಕೂದಲೆಳೆ ಬಿಟ್ಟಿವೆ.

ಹಳೇ ಮೇಷ್ಟ್ರು · ಮಂಗಳವಾರ, ಬೆಳಿಗ್ಗೆ 7:30

ಐಟಿಐಯಲ್ಲಿ ಮೂವತ್ತು ವರ್ಷ ಕಾರ್ಪೆಂಟರಿ ಹೇಳಿಕೊಟ್ಟು ನಿವೃತ್ತನಾದವನು ನಾನು. ನಿಮ್ಮ ಕೊನೆಯ ಸಾಲೇ ಮುಖ್ಯ, ಅದನ್ನು ಮೊದಲೇ ಬರೆಯಬೇಕಿತ್ತು. ನಿಮಗಿರುವುದು ಒಂದು ಕಾಯಿಲೆ ಅಲ್ಲ, ಎರಡು. ನಾಲ್ಕನೆಯ ಮೂಲೆಯ ಸಂದು ಕೋನದ ದೋಷ. ಮುಂಬದಿಯ ಕೂದಲೆಳೆ ವಾಲುವಿಕೆಯ ದೋಷ. ಬೇರೆ ಬೇರೆ ಹಿಡಿಯಿರಿ.

ಮೊದಲು ಕೋನ. ಚೌಕಟ್ಟಿಗೆ ಎಂಟು ಕೊಯ್ತ. ನಾಲ್ಕು ಎಡಕ್ಕೆ, ನಾಲ್ಕು ಬಲಕ್ಕೆ. ಎಡದ್ದು ಸರಿಯಿದ್ದು ಬಲದ್ದು ಬರೀ ಅರ್ಧ ಡಿಗ್ರಿ ತಪ್ಪಿದೆ ಎನ್ನಿ. ಪ್ರತಿ ಮೂಲೆಗೂ ಅರ್ಧ ಡಿಗ್ರಿ ಬಂತು. ಮೂರು ಮೂಲೆಯನ್ನು ಒತ್ತಿ ಕೂರಿಸಿದರೆ ಒಟ್ಟು ಎರಡು ಡಿಗ್ರಿ ಹೋಗಿ ನಾಲ್ಕನೆಯದರ ಮೇಲೆ ಬೀಳುತ್ತದೆ. 40 ಮಿಲಿಮೀಟರ್ ಅಗಲದ ಪಟ್ಟಿಯನ್ನು 45ರಲ್ಲಿ ಕೊಯ್ದರೆ ಮುಖದ ಉದ್ದ ಸುಮಾರು 57 ಮಿಲಿಮೀಟರ್, ಅದಕ್ಕೆ ಎರಡು ಡಿಗ್ರಿ ಅಂದರೆ ಸುಮಾರು 2 ಮಿಲಿಮೀಟರ್. ನಿಮ್ಮ ಮೊಳೆಯ ದಪ್ಪ ಅಷ್ಟೇ ಇದ್ದೀತು.

ಯಾವ ಬದಿ ತಪ್ಪಿದೆ ಎಂದು ತಿಳಿಯಲು ಅಂಶಪಟ್ಟಿ ನೋಡಬೇಡಿ, ಮರವನ್ನೇ ಕೇಳಿ. ಎರಡು ಅಂಚೂ ಸಮಾನಾಂತರವಾಗಿರುವ ಒಂದು ಅಗಲ ಪಟ್ಟಿ ತೆಗೆದುಕೊಳ್ಳಿ. ಬಲದ 45ರಲ್ಲಿ ನಡುವೆ ಒಂದೇ ಸಲ ಕೊಯ್ಯಿರಿ. ಎರಡು ತುಂಡಾಯಿತು. ಒಂದನ್ನು ಮಗುಚಿ ಹಾಕಿ, ಕೊಯ್ದ ಮುಖಕ್ಕೆ ಕೊಯ್ದ ಮುಖ ಕೂಡಿಸಿದರೆ ಮೂಲೆಯಾಗುತ್ತದೆ. ಒಳಗೆ ಮೂಲೆಮಟ್ಟ ಇಡಿ. ಒಂದೇ ಕೊಯ್ತವನ್ನು ಎರಡು ಸಲ ಲೆಕ್ಕಕ್ಕೆ ತಂದಿರುವುದರಿಂದ ದೋಷ ಇಮ್ಮಡಿಯಾಗಿ ಕಣ್ಣಿಗೆ ಹೊಡೆಯುತ್ತದೆ. ಆಮೇಲೆ ಎಡದ 45ರಲ್ಲಿ ಇನ್ನೊಂದು ಪಟ್ಟಿ.

ಎರಡನೆಯದು ವಾಲುವಿಕೆ. ಕೊಯ್ದ ಮುಖದ ಮೇಲೆ ಮೂಲೆಮಟ್ಟ ನಿಲ್ಲಿಸಿ ಕಿಟಕಿಯ ಬೆಳಕಿಗೆ ಹಿಡಿಯಿರಿ. ಕೆಳಗೆ ಬೆಳಕು ತೂರಿದರೆ ಒಂದೋ ಗರಗಸ ವಾಲಿದೆ, ಇಲ್ಲವೇ ಮರ ವಾಲಿ ಮಲಗಿದೆ. ಹಳೆಯ ಕಬ್ಬಿಣದ ಬಾಕ್ಸ್‌ಗಳಲ್ಲಿ ನನ್ನ ಸಂಶಯ ಯಾವಾಗಲೂ ಎರಡನೆಯದರ ಮೇಲೆ. ಕಬ್ಬಿಣದ ಮೇಲೆ ಮರದ ಹಾಸುಹಲಗೆ ಇರುತ್ತದಲ್ಲ, ಅದನ್ನು ಬಿಚ್ಚಿ ನೋಡಿದ್ದೀರಾ?

ಕುಂದಾಪ್ರ ಬಡಗಿ · ಮಂಗಳವಾರ, ಬೆಳಿಗ್ಗೆ 10:48

ಮೇಷ್ಟ್ರಿಗೆ ನಮಸ್ಕಾರ. ಲೆಕ್ಕ ಚಂದ ಇದೆ. ಆದರೆ ನಮ್ಮ ಮನೆಯಲ್ಲಿ ಇಂಥ ಬಾಕ್ಸ್ ಯಾವತ್ತೂ ಇರಲಿಲ್ಲ. ಅಪ್ಪ, ಅಜ್ಜ ಇಬ್ಬರೂ ಹಲಸು, ತೇಗದಲ್ಲಿ ಬಾಗಿಲು ದಾರಂದ ಮಾಡಿದವರು. 45ಕ್ಕೆ ಕೊಯ್ಯಲು ಅಪ್ಪ ಗೆರೆಯನ್ನೂ ಎಷ್ಟೋ ಸಲ ಎಳೆಯುತ್ತಿರಲಿಲ್ಲ. ಗರಗಸದ ತಗಡನ್ನು ಕನ್ನಡಿಯ ಹಾಗೆ ಇಟ್ಟುಕೊಂಡಿದ್ದರು. ಮರದ ಮೇಲೆ ಗರಗಸ ಇಟ್ಟಾಗ ತಗಡಿನಲ್ಲಿ ಮರದ ಅಂಚಿನ ಬಿಂಬ ಕಾಣುತ್ತದೆ. ಅಂಚೂ ಬಿಂಬವೂ ಮುರಿಯದೆ ಒಂದೇ ನೇರ ಗೆರೆಯಾಗಿ ಕಂಡರೆ ಗರಗಸ ಕಾಟಕೋನದಲ್ಲಿದೆ, ಅಂದರೆ 90ರಲ್ಲಿ. ಅಂಚು ಮತ್ತು ಬಿಂಬ ಸೇರಿ ಕಾಟಕೋನದ ಮೂಲೆಯಾಗಿ ಕಂಡರೆ ಗರಗಸ 45ರಲ್ಲಿದೆ. ಅಷ್ಟೇ. ಬೆಂಕಿಪೊಟ್ಟಣದ ಅಂಚಿನಲ್ಲಿ ಮಾಡಿ ತೋರಿಸಿದ್ದರು ನನಗೆ, ಏಳನೆಯ ತರಗತಿಯಲ್ಲಿದ್ದಾಗ.

ಹಾಗಾಗಿ ಜಿಗ್, ಅಂದರೆ ಉಪಕರಣಕ್ಕೋ ಮರಕ್ಕೋ ದಾರಿ ಹಿಡಿದು ಕೊಡುವ ಇಂಥ ಸಾಧನ, ಎನ್ನುವುದು ಕಣ್ಣು ಕಲಿಯದವರ ಊರುಗೋಲು ಎಂದೇ ನನ್ನ ಅಭಿಪ್ರಾಯ. ಸಿಟ್ಟಾಗಬೇಡಿ.

ಹಳೇ ಮೇಷ್ಟ್ರು · ಮಂಗಳವಾರ, ಮಧ್ಯಾಹ್ನ 1:05

ಸಿಟ್ಟು ಯಾಕೆ, ಬಿಂಬದ ಉಪಾಯ ನಾನೂ ಹೇಳಿಕೊಡುತ್ತಿದ್ದೆ. ಆದರೆ ನಿಮ್ಮ ತಂದೆಯವರು ಒಂದು ದಾರಂದಕ್ಕೆ ಎಷ್ಟು ಮೈಟರ್ ಕೊಯ್ಯುತ್ತಿದ್ದರು? ನಾಲ್ಕೋ ಎಂಟೋ. ಲ್ಯಾಂಗ್‌ಡನ್ ಬಾಕ್ಸ್ ಹುಟ್ಟಿದ್ದು ಮನೆ ತುಂಬಾ ಬಾಗಿಲು, ಕಿಟಕಿ, ಗೋಡೆಯ ಬುಡ, ಮಾಡಿನ ಅಂಚು ಎಲ್ಲಕ್ಕೂ ಮೋಲ್ಡಿಂಗ್ ಹೊಡೆಯುವ ಕಾಲದಲ್ಲಿ. ದಿನಕ್ಕೆ ನೂರಾರು ಕೊಯ್ತ, ಅದೂ ಬೇರೆ ಬೇರೆ ಕೈಗಳಿಂದ. ಕನೆಕ್ಟಿಕಟ್‌ನ ನ್ಯೂ ಬ್ರಿಟನ್‌ನಿಂದ ಸ್ಟ್ಯಾನ್ಲಿ, ಗ್ರೀನ್‌ಫೀಲ್ಡ್‌ನಿಂದ ಗುಡೆಲ್ ಪ್ರ್ಯಾಟ್, ಹೀಗೆ ಒಂದೇ ನದಿಯ ಸೀಮೆಯ ಕಂಪನಿಗಳು ಇದೇ ಸಾಮಾನಿಗೆ ಪೈಪೋಟಿ ನಡೆಸಿದ್ದು ಸುಮ್ಮನೆ ಅಲ್ಲ.

ಊರುಗೋಲು ಎನ್ನುವ ಮಾತಿಗೆ ನನ್ನ ತಕರಾರು ಬೇರೆ. ಯಾವ ಜಿಗ್ಗೂ ಎಲ್ಲ ದಿಕ್ಕಿನಲ್ಲೂ ಕಾವಲು ಕಾಯುವುದಿಲ್ಲ. ಈ ಬಾಕ್ಸ್ ಗರಗಸವನ್ನು ಹಿಡಿದಿಡುತ್ತದೆ, ಮರವನ್ನು ಹಿಡಿಯುವುದಿಲ್ಲ. ಮರ ಜಾರಿದರೆ, ವಾಲಿದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಮೇಜಿನ ಅಂಚಿಗೆ ಸಿಕ್ಕಿಸುವ ತಡೆಹಲಗೆ, ಬೆಂಚ್ ಹುಕ್, ಮರವನ್ನು ಹಿಡಿಯುತ್ತದೆ, ಗರಗಸವನ್ನು ನಿಮ್ಮ ಕೈಗೇ ಬಿಡುತ್ತದೆ. ಯಾವುದನ್ನು ಅದು ನೋಡಿಕೊಳ್ಳುತ್ತದೆ, ಯಾವುದು ನಮ್ಮ ಪಾಲು ಎಂದು ತಿಳಿಯದೆ ಕೊಯ್ದವನಿಗೆ ಕಬ್ಬಿಣದ ಬಾಕ್ಸ್ ಇದ್ದರೂ ಸಂದು ತಪ್ಪದು. ನಮ್ಮ ನದಿದಡದವರ ಹಾಗೆ.

ಚೌಕಟ್ಟಂಗಡಿ · ಮಂಗಳವಾರ, ಮಧ್ಯಾಹ್ನ 2:40

ದಾಸರ ಮಾತಿಗೆ ಒಂದು ಸೇರಿಸುತ್ತೇನೆ. ನಮ್ಮ ಅಂಗಡಿಯಲ್ಲಿ ಗರಗಸವೇ ಇಲ್ಲ. ಡೆನ್ಮಾರ್ಕಿನ ಮೋರ್ಸೋ ಯಂತ್ರವನ್ನು ನೋಡಿ ಮಾಡಿದ ಒಂದು ಕತ್ತರಿ ಇದೆ. ಕಾಲಿನಿಂದ ತುಳಿದರೆ 45ರಲ್ಲಿ ನಿಂತ ಎರಡು ಅಲಗು ಒಟ್ಟಿಗೆ ಇಳಿದು ಪಟ್ಟಿಯಿಂದ ತ್ರಿಕೋನದ ಚೂರೊಂದನ್ನು ತೆಗೆಯುತ್ತವೆ. ಒಂದು ತುಳಿತಕ್ಕೆ ಎರಡು ತುದಿ ಸಿದ್ಧ, ಮುಖ ಗಾಜಿನ ಹಾಗೆ ನುಣುಪು. ಚಿನ್ನದ ಲೇಪದ ಪಟ್ಟಿಗೆ ಕರೆಂಟಿನ ಗರಗಸ ಹಾಕಿದರೆ ಅಂಚಿನ ಲೇಪ ಪುಡಿಯಾಗಿ ಉದುರುತ್ತದೆ. ಕರೆಂಟು ಇಲ್ಲದ್ದೆಲ್ಲ ಹಳತು ಎಂದು ತಳ್ಳಿಬಿಡಬೇಡಿ.

ಪ್ಲೈವುಡ್ ದಾಸ · ಮಂಗಳವಾರ, ಮಧ್ಯಾಹ್ನ 3:11

ಒಪ್ಪಿದೆ. ಚಿನ್ನದ ಲೇಪ ನಮ್ಮ ಹುಡುಗರ ಕೈಗೆ ಬರುವುದಿಲ್ಲ, ಅದು ನಮ್ಮ ಪುಣ್ಯ.

ನದಿದಡ · ಬುಧವಾರ, ಬೆಳಿಗ್ಗೆ 7:52

ನಿನ್ನೆ ರಾತ್ರಿ ಹನ್ನೊಂದೂವರೆವರೆಗೆ ಕೂತಿದ್ದೆ. ಒಂದೊಂದಾಗಿ ಹೇಳುತ್ತೇನೆ.

ಮೇಷ್ಟರೇ, ಎಡದ ಪಟ್ಟಿ ಮಗುಚಿದಾಗ ಮೂಲೆಮಟ್ಟ ಪೂರ್ತಿ ಕೂತಿತು. ಬಲದ್ದರಲ್ಲಿ ಬೆಳಕು ಬಂತು. ಬಲದ 45ರ ಕಚ್ಚನ್ನು ಟಾರ್ಚ್ ಹಾಕಿ ನೋಡಿದೆ. ಕಪ್ಪಗೆ ಏನೋ ಗಟ್ಟಿಯಾಗಿತ್ತು. ಕಬ್ಬಿಣದ ಎರಕವೇ ಹಾಗಿದೆ ಎಂದುಕೊಂಡಿದ್ದೆ. ಹಲ್ಲುಕಡ್ಡಿಯಿಂದ ಕೆದಕಿದರೆ ಚೂರು ಎದ್ದಿತು. ಎಷ್ಟು ಕಾಲದ ಗ್ರೀಸೋ, ಮರದ ಪುಡಿ ಬೆರೆತು ಅಂಟಾಗಿ, ಒಣಗಿ ಅರಗಿನ ಹಾಗಾಗಿತ್ತು. ಗೂಟ ಕೂತ ಶಬ್ದ ಬರುತ್ತಿತ್ತು, ಪೂರ್ತಿ ಕೂರುತ್ತಿರಲಿಲ್ಲ. ಸೀಮೆಎಣ್ಣೆ ಬಿಟ್ಟು ಬಟ್ಟೆಯಿಂದ ಒರೆಸಿದೆ. ಈಗ ಕೂರುವ ಶಬ್ದವೇ ಬೇರೆ, ಬಾಗಿಲ ಅಗುಳಿ ಬಿದ್ದ ಹಾಗೆ.

ಹಾಸುಹಲಗೆಯ ನಾಲ್ಕು ಸ್ಕ್ರೂಗಳಲ್ಲಿ ಮೂರು ಬಂದವು, ಒಂದರ ತಲೆ ಹೋಯಿತು. ಅದನ್ನು ಕೊರೆದು ತೆಗೆಯಬೇಕಾಯಿತು. ಹಲಗೆ ಎತ್ತಿದರೆ, ಪಟ್ಟಿ ಒರಗಿಸುವ ಹಿಂಗೋಡೆಯ ಬುಡದಲ್ಲಿ ಮರದ ಪುಡಿ ಕೇಕಿನಂತೆ ಕಟ್ಟಿಕೊಂಡಿದೆ. ಹಲಗೆಯ ಹಿಂದಿನ ಅಂಚು ಅದರ ಮೇಲೆ ಕೂತಿತ್ತು. ಅಂದರೆ ನಾನಿಟ್ಟ ಪ್ರತಿ ಪಟ್ಟಿಯೂ ನನ್ನ ಕಡೆಗೆ ತಲೆಬಾಗಿಯೇ ಮಲಗಿತ್ತು. ಈಗ ಮೇಪಲ್ ಮರದ ಹೊಸ ಹಲಗೆ ಹಾಕಿದ್ದೇನೆ.

ಮೇಲೊಂದು ಪ್ರಶ್ನೆ: ಗರಗಸದ ಬೆನ್ನುಪಟ್ಟಿಯ ಕೆಳಗೆ ತಗಡು ಒಂದು ತುದಿಯಲ್ಲಿ ಐದಿಂಚು ಇದೆ, ಇನ್ನೊಂದು ತುದಿಯಲ್ಲಿ ನಾಲ್ಕೂವರೆಗೆ ಸ್ವಲ್ಪ ಹೆಚ್ಚು. ಇದು ಹೀಗೆಯೇ ಇರುತ್ತದೆಯೇ?

ಹಳೇ ಮೇಷ್ಟ್ರು · ಬುಧವಾರ, ಬೆಳಿಗ್ಗೆ 9:20

ಇರುವುದಿಲ್ಲ. ಹಿಂದಿನವರು ಹಲ್ಲು ಅರೆದು ಅರೆದು ಒಂದು ತುದಿಯನ್ನು ಸವೆಸಿದ್ದಾರೆ. ಈ ಗರಗಸ ಬೆನ್ನುಪಟ್ಟಿಯ ಆಧಾರದ ಮೇಲೆ ಮಟ್ಟವಾಗಿ ಓಡುವಂಥದ್ದು. ಹಲ್ಲಿನ ಸಾಲು ಬೆನ್ನಿಗೆ ಸಮಾನಾಂತರ ಇಲ್ಲದಿದ್ದರೆ ಕೊಯ್ತದ ತಳ ಮಟ್ಟಸವಾಗುವುದಿಲ್ಲ. ಪೂರ್ತಿ ತುಂಡು ಮಾಡುವಾಗ ಅಷ್ಟು ಕಾಡದು. ಆಳದ ತಡೆ ಇಟ್ಟು ಅರ್ಧಕ್ಕೆ ಕೊಯ್ಯುವಾಗ ಕಾಡುತ್ತದೆ.

ನಿಮ್ಮ ಗರಗಸದ ತಗಡಿನ ಮೇಲೆ ಮಸುಕಾದ ಬರಹ ಇದ್ದೀತು, ನೋಡಿ. ಈ ಬಾಕ್ಸ್‌ಗಳ ಗರಗಸಗಳನ್ನು ಬಹುಪಾಲು ಫಿಲಡೆಲ್ಫಿಯಾದ ಡಿಸ್ಟನ್ ಕಾರ್ಖಾನೆಯವರು ಮಾಡಿಕೊಡುತ್ತಿದ್ದರು. ಬರಹ ಇರುವ ಕಡೆ ಉಜ್ಜುಕಾಗದ ಹಾಕಬೇಡಿ, ಅಳಿಸಿದರೆ ಮತ್ತೆ ಬಾರದು.

ಮೊದಲ ಉಳಿ · ಬುಧವಾರ, ಸಂಜೆ 6:30

ನಾನು ಹೊಸಬಳು, ಹುಬ್ಬಳ್ಳಿ. ‘ಆಳದ ತಡೆ’ ಎಂದಿರಿ. ಮೈಟರ್ ಬಾಕ್ಸ್ ಎಂದರೆ ತುಂಡು ಮಾಡಲು ಅಲ್ಲವೇ? ಅರ್ಧಕ್ಕೆ ನಿಲ್ಲಿಸಿ ಏನು ಪ್ರಯೋಜನ?

ಹಳೇ ಮೇಷ್ಟ್ರು · ಬುಧವಾರ, ರಾತ್ರಿ 8:45

ಒಳ್ಳೆಯ ಪ್ರಶ್ನೆ ಕೇಳಿದೆಯಮ್ಮ. ಈ ಪೆಟ್ಟಿಗೆಯ ಅರ್ಧ ಉಪಯೋಗ ಅಲ್ಲೇ ಇದೆ, ಜನ ಮರೆತಿದ್ದಾರೆ.

ಒಂದು ಸ್ಟೂಲ್ ಮಾಡುತ್ತೀ ಎನ್ನು. ನಾಲ್ಕು ಅಡ್ಡಪಟ್ಟಿ, ಪ್ರತಿಯೊಂದರ ಎರಡೂ ತುದಿಗೆ ಟೆನನ್, ಅಂದರೆ ಕಾಲಿನ ತೂತಿಗೆ ಹೋಗಿ ಕೂರುವ ನಾಲಿಗೆ. ನಾಲಿಗೆಯ ಬುಡದಲ್ಲಿ ಒಂದು ಮೆಟ್ಟಿಲು ಬರುತ್ತದಲ್ಲ, ಶೋಲ್ಡರ್, ಅದು ಕಾಲಿಗೆ ಒತ್ತಿ ನಿಲ್ಲುವ ಜಾಗ. ಎದುರುಬದುರಿನ ಪಟ್ಟಿಗಳಲ್ಲಿ ಈ ಶೋಲ್ಡರಿನಿಂದ ಆ ಶೋಲ್ಡರಿಗೆ ಇರುವ ಅಂತರ ಒಂದೇ ಆಗಿರಬೇಕು. ನಾಲಿಗೆ ಅರ್ಧ ಮಿಲಿಮೀಟರ್ ಗಿಡ್ಡವಾದರೂ ತೂತಿನೊಳಗೆ ಯಾರಿಗೂ ಕಾಣದು. ಶೋಲ್ಡರ್ ಅರ್ಧ ಮಿಲಿಮೀಟರ್ ತಪ್ಪಿದರೆ ಸ್ಟೂಲ್ ಕುಂಟುತ್ತದೆ.

ಬಾಕ್ಸ್‌ನಲ್ಲಿ ಪಟ್ಟಿಯ ತುದಿಗೆ ಒಂದು ಅಡ್ಡಗಟ್ಟೆ ಕಟ್ಟು. ಕಂಬಗಳಲ್ಲಿರುವ ಆಳದ ತಡೆಯನ್ನು ಶೋಲ್ಡರಿನ ಆಳಕ್ಕೆ ಬಿಗಿ ಮಾಡು. ಈಗ ಎಂಟು ತುದಿಗಳನ್ನೂ ನಾಲ್ಕು ಮಗ್ಗುಲಿಗೆ ತಿರುಗಿಸುತ್ತಾ ಕೊಯ್ಯುತ್ತಾ ಹೋಗು. ಮೂವತ್ತೆರಡು ಕೊಯ್ತ. ಪಟ್ಟಿಗಳ ಉದ್ದ ಮೊದಲೇ ಸಮವಾಗಿದ್ದರೆ ಎಲ್ಲ ಶೋಲ್ಡರೂ ಒಂದೇ ಗೆರೆಗೆ ಬರುತ್ತದೆ, ಒಂದೇ ಆಳಕ್ಕೆ ನಿಲ್ಲುತ್ತದೆ. ಎರಡು ಪಟ್ಟಿ ಅಡ್ಡ ಕೂಡಿಸಲು ಅರ್ಧ ದಪ್ಪಕ್ಕೆ ತೆಗೆಯುವ ಕಚ್ಚು, ಗೂಡಿನ ಹಲಗೆ ಕೂರಿಸುವ ಅಡ್ಡ ಕಾಲುವೆ, ಎಲ್ಲಕ್ಕೂ ಇದೇ ದಾರಿ.

ಆದರೆ ನಾಲಿಗೆಯ ಕೆನ್ನೆ, ಅಂದರೆ ಅದರ ಚಪ್ಪಟೆ ಮಗ್ಗುಲು, ಈ ಬಾಕ್ಸ್‌ನಲ್ಲಿ ಆಗದು. ಅದು ನಾರಿನ ಉದ್ದಕ್ಕೆ ಸೀಳುವ ಕೊಯ್ತ. ಬಾಕ್ಸ್‌ನ ಗರಗಸ ಅಡ್ಡ ಕೊಯ್ಯಲು ಅರೆದದ್ದು, ಸಾಮಾನ್ಯವಾಗಿ ಇಂಚಿಗೆ 11 ಮೊನೆ. ಜೊತೆಗೆ ಉದ್ದದ ಪಟ್ಟಿಯನ್ನು ಅದರೊಳಗೆ ನಿಲ್ಲಿಸುವುದಾದರೂ ಹೇಗೆ? ಪಟ್ಟಿಯನ್ನು ವೈಸ್‌ನಲ್ಲಿ ಓರೆಯಾಗಿ ಕಟ್ಟಿ, ಒಂದು ಮೂಲೆಯಿಂದ ಶುರು ಮಾಡಿ ತಲೆಯ ಗೆರೆ ಮತ್ತು ನಿನ್ನ ಕಡೆಯ ಗೆರೆ ಎರಡನ್ನೂ ಒಟ್ಟಿಗೆ ನೋಡುತ್ತಾ ಇಳಿಸು. ಆಮೇಲೆ ತಿರುಗಿಸಿ ಆಚೆಯ ಮೂಲೆಯಿಂದ. ಕೊನೆಗೆ ನೇರ ನಿಲ್ಲಿಸಿದರೆ ಮೊದಲಿನ ಎರಡು ಸೀಳೇ ಗರಗಸಕ್ಕೆ ದಾರಿ ತೋರುತ್ತವೆ. ಅಲ್ಲಿ ಕುಂದಾಪುರದವರ ಕಣ್ಣೇ ಬೇಕು.

ಕುಂದಾಪ್ರ ಬಡಗಿ · ಬುಧವಾರ, ರಾತ್ರಿ 9:30

ಕೊನೆಗೂ ನಮ್ಮ ಕಣ್ಣಿಗೆ ಒಂದು ಕೆಲಸ ಕೊಟ್ಟರು ಮೇಷ್ಟ್ರು.

ಮೂವತ್ತೆರಡು ಶೋಲ್ಡರ್ ಎಂದಾಗ ನಾನೂ ಯೋಚಿಸಿದೆ. ಅಪ್ಪ ನಾಲ್ಕು ಪಟ್ಟಿಯನ್ನು ಒಟ್ಟಿಗೆ ಜೋಡಿಸಿ, ಮೂಲೆಮಟ್ಟ ಇಟ್ಟು ಎಲ್ಲದರ ಮೇಲೂ ಒಂದೇ ಗೆರೆ ಚೂರಿಯಿಂದ ಎಳೆಯುತ್ತಿದ್ದರು. ಪೆನ್ಸಿಲ್ ಅಲ್ಲ, ಚೂರಿ. ಆಮೇಲೆ ಬಿಸಾಡುವ ಭಾಗದ ಕಡೆಯಿಂದ ಗೆರೆಗೆ ಉಳಿಯಿಂದ ಒಂದು ಸಣ್ಣ ಓರೆ ಸಿಪ್ಪೆ ತೆಗೆಯುತ್ತಿದ್ದರು. ಗರಗಸ ಆ ಕಾಲುವೆಯಲ್ಲಿ ತಾನಾಗಿ ಕೂತುಬಿಡುತ್ತಿತ್ತು. ಈಗ ಅನಿಸುತ್ತದೆ, ಅದೂ ಒಂದು ಜಿಗ್ಗೇ. ಮರದಲ್ಲೇ ಕೆತ್ತಿ ಅಲ್ಲೇ ಮುಗಿಸಿಬಿಡುವ ಜಿಗ್.

ಮೊದಲ ಉಳಿ · ಗುರುವಾರ, ಬೆಳಿಗ್ಗೆ 8:15

ಇಂಥ ಕಬ್ಬಿಣದ್ದು ನಮ್ಮ ಕಡೆ ಎಲ್ಲಿ ಸಿಕ್ಕೀತು? ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೆ ಪ್ಲಾಸ್ಟಿಕ್ಕಿನ ಹಳದಿ ಡಬ್ಬಿ ಕೊಟ್ಟರು. ಅದರ ಸೀಳು ಎಷ್ಟು ಅಗಲ ಇದೆಯೆಂದರೆ ಗರಗಸ ಒಳಗೆ ಕುಣಿಯುತ್ತದೆ.

ಹಳೇ ಮೇಷ್ಟ್ರು · ಗುರುವಾರ, ಬೆಳಿಗ್ಗೆ 11:00

ಹುಡುಕಬೇಡ, ಮಾಡಿಕೋ. ನಮ್ಮ ವರ್ಕ್‌ಶಾಪಿನಲ್ಲಿ ಹುಡುಗರು ಮೊದಲ ವರ್ಷವೇ ಮಾಡುತ್ತಿದ್ದರು. ಚೆನ್ನಾಗಿ ಒಣಗಿದ ತೇಗದ ಮೂರು ಹಲಗೆ: ತಳ ಒಂದು, ಎರಡು ಬದಿಗೆ ಎರಡು. ಉದ್ದ ಒಂದು ಅಡಿ ಇದ್ದರೆ ಸಾಕು. ಮುಂದಿನ ಬದಿಹಲಗೆ ತಳಕ್ಕಿಂತ ಒಂದಿಂಚು ಕೆಳಗೆ ಇಳಿದಿರಲಿ, ಮೇಜಿನ ಅಂಚಿಗೆ ತಗುಲಿ ನಿಲ್ಲುತ್ತದೆ. ಎರಡು ಬದಿಗಳ ಒಳಮುಖ ಸಮಾನಾಂತರ ಇರಲೇಬೇಕು, ಉಳಿದದ್ದೆಲ್ಲ ಆಮೇಲೆ.

ಗೆರೆ ಎಳೆಯುವುದು ಹೀಗೆ. ಪೆಟ್ಟಿಗೆಯ ಹೊರ ಅಗಲ ಎಷ್ಟಿದೆಯೋ ಅಷ್ಟೇ ಉದ್ದವನ್ನು ಅಂಚಿನ ಮೇಲೆ ಗುರುತು ಮಾಡಿದರೆ ಒಂದು ಚೌಕವಾಯಿತು. ಚೌಕದ ಮೂಲೆಯಿಂದ ಮೂಲೆಗೆ ಎಳೆದ ಗೆರೆಯೇ 45. ಕೋನಮಾಪಕ ಬೇಡ. ಬದಿಗಳ ಮೇಲೆ ಮೂಲೆಮಟ್ಟದಿಂದ ಗೆರೆ ಇಳಿಸಿಕೊಂಡು ಸೀಳು ಹಾಕು. ಮುಂದೆ ಯಾವ ಗರಗಸ ಬಳಸುತ್ತೀಯೋ ಅದೇ ಗರಗಸದಿಂದ ಹಾಕಬೇಕು. ಇಲ್ಲದಿದ್ದರೆ ನಿನ್ನ ಹಳದಿ ಡಬ್ಬಿಯ ಪಾಡೇ. ಎಷ್ಟೋ ತಿಂಗಳ ಬಳಕೆಯಲ್ಲಿ ಸೀಳು ಅಗಲವಾದಾಗ ಒಂದಿಂಚು ಪಕ್ಕಕ್ಕೆ ಹೊಸ ಸೀಳು ಹಾಕಿಕೋ. ಅದಕ್ಕೂ ಜಾಗ ಮುಗಿದರೆ ಒಲೆಗೆ.

ಅಷ್ಟಪಟ್ಟಿ · ಗುರುವಾರ, ಸಂಜೆ 4:20

ನಡುವೆ ಬಾಯಿ ಹಾಕುತ್ತಿದ್ದೇನೆ. ಗಣಪತಿ ಕೂರಿಸಲು ಎಂಟು ಮೂಲೆಯ ಮಂಟಪದ ಬುಡ ಮಾಡಬೇಕು. ಇಂಥ ಬಾಕ್ಸ್‌ನಲ್ಲಿ ಆಗುತ್ತದೆಯೇ?

ನದಿದಡ · ಗುರುವಾರ, ಸಂಜೆ 7:05

ನನ್ನದರ ಅಂಶಪಟ್ಟಿಯಲ್ಲಿ 45ರ ಜೊತೆಗೆ 30 ಮತ್ತು 22½ಕ್ಕೂ ಕಚ್ಚು ಇದೆ. ಎಂಟು ಮೂಲೆಗೆ 22½, ಆರು ಮೂಲೆಗೆ 30. ಬದಿಗಳ ಸಂಖ್ಯೆಯಿಂದ 180ನ್ನು ಭಾಗಿಸಿದರೆ ಗರಗಸ ತಿರುಗಿಸಬೇಕಾದ ಅಂಶ ಬರುತ್ತದೆ. ಮೇಷ್ಟ್ರ ಲೆಕ್ಕ ನೆನಪಿರಲಿ, ಎಂಟು ಮೂಲೆಗೆ ಹದಿನಾರು ಕೊಯ್ತ, ದೋಷವೂ ಅಷ್ಟು ಸಲ ಕೂಡುತ್ತದೆ.

ಚೌಕಟ್ಟಂಗಡಿ · ಗುರುವಾರ, ರಾತ್ರಿ 8:00

ಎಂಟು ಮೂಲೆಗೆ ಅಂಗಡಿಯ ಒಂದು ಗುಟ್ಟು: ಮೊದಲು ನಾಲ್ಕು ನಾಲ್ಕು ಪಟ್ಟಿ ಕೂಡಿಸಿ ಎರಡು ಅರ್ಧ ಮಾಡಿ. ಅಂಟು ಒಣಗಿದ ಮೇಲೆ ಎರಡೂ ಅರ್ಧದ ತುದಿಗಳನ್ನು ಒಂದು ನೇರ ಹಲಗೆಯ ಮೇಲಿಟ್ಟು ನೋಡಿ. ಸೇರಿದ್ದ ದೋಷವೆಲ್ಲ ಅಲ್ಲಿ ಕಾಣುತ್ತದೆ. ಮರ ಹೆರೆಯುವ ತೋಪಡದಿಂದ ಎರಡು ಸಲ ಎಳೆದರೆ ಹೋಗುತ್ತದೆ. ಹದಿನಾರು ಕೊಯ್ತವನ್ನೂ ತಿದ್ದುತ್ತಾ ಕೂರಬೇಡಿ.

ನದಿದಡ · ಭಾನುವಾರ, ಬೆಳಿಗ್ಗೆ 10:40

ಮೂರು ದಿನ ಬರೆಯಲಾಗಲಿಲ್ಲ. ಹೊಸ ಹಲಗೆ, ಹೊಸ ಪಟ್ಟಿ, ಎಂಟು ಕೊಯ್ತ. ಮೊದಲ ಪ್ರಯತ್ನದಲ್ಲಿ ಮುಂಬದಿಯ ಕೂದಲೆಳೆ ಮಾಯ, ನಾಲ್ಕನೆಯ ಮೂಲೆಯಲ್ಲಿ ಮೊಳೆ ಹೋಗಿ ಕಾಗದ ಉಳಿಯಿತು. ಆ ಕಾಗದ ನನ್ನ ಕೈಯದು. 45ರಲ್ಲಿ ಕೊಯ್ಯುವಾಗ ಗರಗಸ ಪಟ್ಟಿಯನ್ನು ಮೆಲ್ಲಗೆ ಪಕ್ಕಕ್ಕೆ ಎಳೆಯುತ್ತಿದೆ. ಮೇಷ್ಟ್ರು ಹೇಳಿದ್ದ ‘ಮರ ಜಾರಿದರೆ ಅದಕ್ಕೆ ಗೊತ್ತಾಗುವುದಿಲ್ಲ’ ಇದೇ. ಹಿಂಗೋಡೆಗೆ ಉಜ್ಜುಕಾಗದದ ಒಂದು ಪಟ್ಟಿ ಅಂಟಿಸಿದೆ, ಮರ ಕಚ್ಚಿಕೊಂಡು ನಿಲ್ಲುತ್ತದೆ. ಗರಗಸವನ್ನು ಒತ್ತುವುದನ್ನೂ ಬಿಟ್ಟೆ. ಅದರ ಭಾರವೇ ಕೊಯ್ಯಲಿ ಎಂದು ಬರೀ ಹಿಂದೆ ಮುಂದೆ ಆಡಿಸಿದೆ. ನಾಲ್ಕೂ ಮೂಲೆ ಕೂಡಿದವು. ಪಟ ಗೋಡೆಯ ಮೇಲಿದೆ.

ಗರಗಸದ ಮೇಲೆ ಬರಹ ಇದೆ, ಮೇಷ್ಟರೇ. ಸಂಜೆ ಬೆಳಕಿಗೆ ಓರೆಯಾಗಿ ಹಿಡಿದಾಗ ಡಿಸ್ಟನ್ ಹೆಸರು ಅರ್ಧ ಓದಲು ಬಂತು. ಹಲ್ಲು ಅರೆಯುವುದನ್ನು ನಾನೇ ಮಾಡಲೇ, ಯಾರಿಗಾದರೂ ಕೊಡಲೇ?

ಹಳೇ ಮೇಷ್ಟ್ರು · ಭಾನುವಾರ, ಸಂಜೆ 6:15

ನೀವೇ ಮಾಡಿ, ಆದರೆ ಇದರ ಮೇಲೆ ಕಲಿಯಬೇಡಿ. ಹಾಳಾದರೂ ಪರವಾಗಿಲ್ಲ ಎನ್ನುವ ಒಂದು ಗರಗಸದ ಮೇಲೆ ಎರಡು ಸಲ ಕೈ ಪಳಗಿಸಿಕೊಳ್ಳಿ. ಮೊದಲು ಚಪ್ಪಟೆ ಅರವನ್ನು ಹಲ್ಲಿನ ತುದಿಗಳ ಮೇಲೆ ಉದ್ದಕ್ಕೆ ಎಳೆದು ಎಲ್ಲ ಮೊನೆಯನ್ನೂ ಒಂದೇ ಎತ್ತರಕ್ಕೆ ತನ್ನಿ, ಅದೂ ಬೆನ್ನುಪಟ್ಟಿಗೆ ಸಮಾನಾಂತರವಾಗಿ. ನಿಮ್ಮ ಅರ್ಧ ಇಂಚಿಗೆ ಹತ್ತಿರದ ವ್ಯತ್ಯಾಸ ಒಂದೇ ಸಲಕ್ಕೆ ಹೋಗದು, ನಾಲ್ಕೈದು ಸುತ್ತಿನಲ್ಲಿ ಹಂಚಿ. ಆಮೇಲೆ ಮುಮ್ಮೂಲೆ ಅರ, ಒಂದು ಬಿಟ್ಟು ಒಂದು ಹಲ್ಲು, ಪ್ರತಿ ಹಲ್ಲಿಗೂ ಎಣಿಸಿ ಅಷ್ಟೇ ಎಳೆತ. ಹಲ್ಲಿನ ಓರೆ ಎರಡೂ ಕಡೆ ಸಮ ಇರಬೇಕು. ಒಂದು ಕಡೆ ಹೆಚ್ಚಾದರೆ ಗರಗಸ ಆ ಕಡೆಗೆ ಎಳೆಯುತ್ತದೆ, ಕಂಬಗಳ ಸೀಳೂ ಅದನ್ನು ಪೂರ್ತಿ ತಡೆಯಲಾರದು.

ನದಿದಡ · ಭಾನುವಾರ, ರಾತ್ರಿ 9:50

ಆಗಲಿ. ಡಿಸೆಂಬರ್‌ನಲ್ಲಿ ಊರಿಗೆ ಬರುವಾಗ ಬಾಕ್ಸನ್ನೂ ತರುವ ಆಸೆ ಇತ್ತು. ಮನೆಯವರ ಬಳಿ ಬಾಯಿ ತೆರೆದೆ. ಒಂದು ಪೆಟ್ಟಿಗೆಗೆ 23 ಕಿಲೋ ಲೆಕ್ಕ, ಅದರಲ್ಲಿ ಮುಕ್ಕಾಲು ಪಾಲು ಕಬ್ಬಿಣ ಎಂದಾಗ ಅವರು ನೋಡಿದ ನೋಟಕ್ಕೆ ವಿಷಯ ಅಲ್ಲೇ ಬಿಟ್ಟೆ.

ಕುಂದಾಪುರದ ಅಣ್ಣನವರಿಗೆ ಒಂದು ಮಾತು. ತುಕ್ಕು ತೆಗೆದ ಮೇಲೆ ತಗಡಿನ ಬರಹ ಇಲ್ಲದ ಕಡೆ ಸ್ವಲ್ಪ ಹೊಳಪು ಬಂದಿದೆ. ಗರಗಸವನ್ನು ಬಾಕ್ಸ್‌ನಿಂದ ಹೊರತೆಗೆದು, ಉಳಿದ ವಾಲ್‌ನಟ್ ತುಂಡಿನ ಮೇಲಿಟ್ಟು ದೀಪದ ಕೆಳಗೆ ಮೆಲ್ಲಗೆ ತಿರುಗಿಸಿದೆ. ಅಂಚು ಮತ್ತು ಬಿಂಬ ಸೇರಿ ಮೂಲೆಯಾಗಿ ನಿಂತಾಗ ಕೈ ನಿಲ್ಲಿಸಿ, ನಾಲ್ಕು ಎಳೆತ ಎಳೆದು ಗುರುತು ಮಾಡಿದೆ. ಆಮೇಲೆ ಅದೇ ತುಂಡನ್ನು ಬಾಕ್ಸ್‌ನಲ್ಲಿಟ್ಟು 45ಕ್ಕೆ ಗರಗಸ ಇಳಿಸಿದರೆ ಹಲ್ಲು ನನ್ನ ಗುರುತಿನ ಪಕ್ಕ ಒಂದು ಕೂದಲು ಬಿಟ್ಟು ಕೂತಿತು.

ಕುಂದಾಪ್ರ ಬಡಗಿ · ಸೋಮವಾರ, ಬೆಳಿಗ್ಗೆ 6:35

ಅಪ್ಪನಿಗೆ ಓದಿ ಹೇಳಿದೆ. ‘ಕೂದಲು ಎಡಕ್ಕೋ ಬಲಕ್ಕೋ?’ ಎಂದು ಕೇಳುತ್ತಿದ್ದಾರೆ.